ಹಳೇ ಲ್ಯಾಪ್‌ಟಾಪಿನಲ್ಲೊಂದು ಮೈನ್‌ಕ್ರಾಫ್ಟ್ ಊರು: ಮನೆಯಲ್ಲೇ ಸರ್ವರ್ ಹಾಕುವ ಬಗೆ

ಬೇಸಿಗೆ ರಜೆಯಲ್ಲಿ ಸಾಗರದ ನಮ್ಮ ಮನೆಗೆ ಬಂದಿದ್ದ ಮಕ್ಕಳೆಲ್ಲ ಸೇರಿ ಒಂದೇ ವೈಫೈನಲ್ಲಿ ಕೂತು ಮೈನ್‌ಕ್ರಾಫ್ಟ್‌ನಲ್ಲಿ ಊರೊಂದನ್ನು ಕಟ್ಟಿದ್ದರು. ಒಂದು ತೋಟ, ಒಂದು ಕೆರೆ, ಕೆರೆ ಏರಿಯ ಮೇಲೆ ಯಾವ ಬಸ್ಸೂ ಬಾರದ ಬಸ್‌ಸ್ಟ್ಯಾಂಡು. ರಜೆ ಮುಗಿದು ಒಬ್ಬ ಹುಬ್ಬಳ್ಳಿಗೆ, ಇಬ್ಬರು ಬೆಂಗಳೂರಿಗೆ ಹೋದರು. ಊರು ಮಾತ್ರ ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ ಉಳಿಯಿತು. ವಾರದೊಳಗೆ ಫೋನು: "ಚಿಕ್ಕಪ್ಪಾ, ನೀವು ಅಲ್ಲಿ ಆನ್ ಮಾಡಿಡಿ, ನಾವು ಇಲ್ಲಿಂದಲೇ ಬರ್ತೀವಿ."

ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ಭಾನುವಾರ ಹಿಡಿಯಿತು. ಸರ್ವರ್ ಎಂದರೆ ಆಟದ ಲೋಕವನ್ನು ತನ್ನಲ್ಲಿಟ್ಟುಕೊಂಡು, ದೂರದಿಂದ ಬಂದವರನ್ನು ಅದರೊಳಗೆ ಸೇರಿಸಿಕೊಳ್ಳುವ ಯಂತ್ರ. ಅದರ ಸಾಫ್ಟ್‌ವೇರಿಗೆ ಹೋದದ್ದು ಅರ್ಧ ಗಂಟೆ. ಉಳಿದದ್ದೆಲ್ಲ ನಮ್ಮ ಮನೆಗೆ ಹೊರಗಿನಿಂದ ದಾರಿ ಎಲ್ಲಿದೆ ಎಂದು ಹುಡುಕುವುದರಲ್ಲಿ ಮತ್ತು ಕರೆಂಟಿನ ಜೊತೆ ಗುದ್ದಾಡುವುದರಲ್ಲಿ ಕಳೆಯಿತು. ಹಾಗಾಗಿ ಇಲ್ಲಿ ಸಾಫ್ಟ್‌ವೇರಿನ ಮಾತು ಬೇಗ ಮುಗಿಸಿ, ದಾರಿಯ ಮಾತನ್ನು ನಿಧಾನವಾಗಿ ಹೇಳುತ್ತೇನೆ. ಕಮಾಂಡುಗಳನ್ನೂ ಫೈಲುಗಳ ಹೆಸರನ್ನೂ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ, ಸಣ್ಣಕ್ಷರದಲ್ಲಿ ಹೊಡೆಯಬೇಕು.

ಮೊದಲು ಕೇಳಬೇಕಾದ ಪ್ರಶ್ನೆ: ಯಾರ ಹತ್ತಿರ ಯಾವ ಮೈನ್‌ಕ್ರಾಫ್ಟ್?

ಮೈನ್‌ಕ್ರಾಫ್ಟ್ ಎಂಬುದು ಒಂದೇ ಆಟವಲ್ಲ, ಎರಡು. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿ ಒಂದು. ಫೋನು, ಟ್ಯಾಬ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳಲ್ಲಿರುವ ಬೆಡ್‌ರಾಕ್ ಆವೃತ್ತಿ ಇನ್ನೊಂದು. ಎರಡೂ ನೋಡಲು ಅವಳಿಗಳಂತಿವೆ, ಆದರೆ ಒಂದರ ಭಾಷೆ ಇನ್ನೊಂದಕ್ಕೆ ಬಾರದು. ವಿಂಡೋಸ್ ಕಂಪ್ಯೂಟರಿಗೆ ಕೊಂಡವರಿಗೆ 2022ರಿಂದ ಎರಡೂ ಜೊತೆಯಾಗಿಯೇ ಸಿಗುತ್ತಿವೆ. ಫೋನಿನಲ್ಲಿ ಆಡುವ ಮಕ್ಕಳಿಗೆ ಬೆಡ್‌ರಾಕ್ ಒಂದೇ ಗತಿ.

ಎಲ್ಲರೂ ಫೋನಿನವರಾದರೆ ಬೆಡ್‌ರಾಕ್ ಸರ್ವರನ್ನೇ ಹಾಕಿ. ಅದು ವಿಂಡೋಸ್‌ಗೂ ಉಬುಂಟುಗೂ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನವರು ಒಬ್ಬಿಬ್ಬರಾದರೂ ಇದ್ದರೆ ಜಾವಾ ಸರ್ವರ್ ಹಾಕಿ, ಫೋನಿನವರಿಗಾಗಿ ಗೀಸರ್ ಎಂಬ ಪ್ಲಗಿನ್ (ಸರ್ವರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ) ಸೇರಿಸುವುದು ಒಳ್ಳೆಯದು. ಹೆಸರು ಕೇಳಿ ಬಚ್ಚಲುಮನೆ ನೆನಪಾದರೆ ತಪ್ಪೇನಿಲ್ಲ, ನನಗೂ ಆಗಿತ್ತು. ಅದು ಎರಡು ಆವೃತ್ತಿಗಳ ನಡುವೆ ದುಭಾಷಿಯಾಗಿ ಕೂರುತ್ತದೆ. ಅದರ ಜೊತೆಗಾರ ಫ್ಲಡ್‌ಗೇಟ್ ಎಂಬ ಪ್ಲಗಿನ್ ಇದ್ದರೆ ಫೋನಿನವರು ಜಾವಾ ಖಾತೆ ಬೇರೆ ಕೊಳ್ಳಬೇಕಿಲ್ಲ. ನಾನು ಮಾಡಿಕೊಂಡದ್ದು ಹೀಗೆಯೇ. ಮುಂದಿನ ವಿವರಗಳೆಲ್ಲ ಜಾವಾ ಸರ್ವರಿನವು.

ಇನ್ನೊಂದು ಮಾತು. ಇಬ್ಬರೇ ಆಡುವವರಿದ್ದು, ವಾರಕ್ಕೊಮ್ಮೆ ಒಂದು ಗಂಟೆ ಆಡುವುದಾದರೆ ಈ ತಾಪತ್ರಯ ಬೇಡ. ಆಟದ ಕಂಪನಿಯೇ ಬಾಡಿಗೆಗೆ ಕೊಡುವ ರೆಲ್ಮ್ಸ್ ಸಾಕು. ಲೋಕದ ಫೈಲುಗಳು ನಮ್ಮ ಕೈಯಲ್ಲೇ ಇರಬೇಕು ಅನ್ನುವವರಿಗೆ ಮನೆಯ ಸರ್ವರ್.

ಯಂತ್ರ

ಅಟ್ಟದ ಮೇಲೆ ಬಿದ್ದಿರುವ ಹಳೇ ಲ್ಯಾಪ್‌ಟಾಪು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಂಟು ಜಿಬಿ ರ‍್ಯಾಮ್ ಇದ್ದರೆ ಐದಾರು ಮಂದಿ ನೆಮ್ಮದಿಯಾಗಿ ಆಡಬಹುದು. ನಾಲ್ಕು ಜಿಬಿ ಇದ್ದರೆ ವಿಂಡೋಸ್ ತೆಗೆದು ಡೆಬಿಯನ್ ಅಥವಾ ಉಬುಂಟು ಸರ್ವರ್ ಹಾಕಿ. ಮೈನ್‌ಕ್ರಾಫ್ಟ್ ಸರ್ವರಿನ ಮುಖ್ಯ ಕೆಲಸವೆಲ್ಲ ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುತ್ತದೆ. ಹಾಗಾಗಿ ಎಂಟು ನಿಧಾನದ ಕೋರಿಗಿಂತ ಎರಡು ಚುರುಕಿನ ಕೋರು ಮೇಲು. ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಒಬ್ಬ ಆಟಗಾರ ಕುದುರೆ ಹತ್ತಿ ಹೊಸ ಜಾಗಕ್ಕೆ ಓಡಿದಾಗಲೆಲ್ಲ ಡಿಸ್ಕಿಗೆ ಓದುವ, ಬರೆಯುವ ಕೆಲಸ ಬೀಳುತ್ತದೆ. ಹಳೇ ಡಿಸ್ಕ್ ಅಲ್ಲಿ ಏದುಸಿರು ಬಿಡುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲೂ ಮೂರ್ನಾಲ್ಕು ಜನರಿಗೆ ನಡೆದೀತು, ಆದರೆ ಮೆಮೊರಿ ಕಾರ್ಡಿನ ಮೇಲೆ ಲೋಕವನ್ನು ಇಡಬೇಡಿ. ಸತತ ಬರವಣಿಗೆಗೆ ಆ ಕಾರ್ಡು ಬಾಳುವುದಿಲ್ಲ.

ಲ್ಯಾಪ್‌ಟಾಪನ್ನೇ ಆರಿಸಲು ನನ್ನ ನಿಜವಾದ ಕಾರಣ ಬೇರೆ: ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಗಾಳಿ ಬೀಸಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಬ್ಯಾಟರಿ ಹದಿನೈದು ನಿಮಿಷ ಬಾಳಿದರೂ ಸಾಕು, ಸರ್ವರನ್ನು ಮರ್ಯಾದೆಯಿಂದ ನಿಲ್ಲಿಸಬಹುದು. ಆದರೆ ಬ್ಯಾಟರಿ ಉಬ್ಬಿದ್ದರೆ, ಕೀಬೋರ್ಡು ಮೇಲೆದ್ದಂತೆ ಕಂಡರೆ, ಅದನ್ನು ಬಳಸಲೇಬೇಡಿ, ತೆಗೆಸಿಬಿಡಿ. ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿಡುವ ಕಾರಣ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿ.

ಕರೆಂಟಿನ ಲೆಕ್ಕವನ್ನೂ ಈಗಲೇ ಹಾಕಿಬಿಡೋಣ. ಲ್ಯಾಪ್‌ಟಾಪು 30 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 0.72 ಯೂನಿಟ್, ತಿಂಗಳಿಗೆ ಸುಮಾರು 22 ಯೂನಿಟ್. 100 ವ್ಯಾಟಿನ ಡೆಸ್ಕ್‌ಟಾಪಾದರೆ ತಿಂಗಳಿಗೆ 72. ಗೃಹಜ್ಯೋತಿಯಲ್ಲಿ ಮನೆಮನೆಗೂ ಹಳೆಯ ಸರಾಸರಿಯ ಮೇಲೆ ಮಿತಿ ನಿಗದಿಯಾಗಿರುವುದರಿಂದ, ಈ ಹೆಚ್ಚುವರಿ ಯೂನಿಟ್ಟುಗಳು ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಮನೆಯವರು ಬಿಲ್ಲು ಹಿಡಿದು ಬರುವ ಮುಂಚೆ ನೀವೇ ಹೇಳಿಬಿಡುವುದು ಒಳ್ಳೆಯದು.

ವಿಂಡೋಸ್ ಇಟ್ಟುಕೊಳ್ಳುವವರು ಪವರ್ ಸೆಟ್ಟಿಂಗ್‌ಗೆ ಹೋಗಿ ಸ್ಲೀಪ್ ಅನ್ನು "ನೆವರ್" ಮಾಡಿ, ಮುಚ್ಚಳ ಮುಚ್ಚಿದರೂ ಏನೂ ಆಗದಂತೆ ಮಾಡಿ. ಅಪ್‌ಡೇಟಿಗಾಗಿ ತಾನೇ ರೀಸ್ಟಾರ್ಟ್ ಆಗುವ ಚಾಳಿಗೆ "ಆ್ಯಕ್ಟಿವ್ ಅವರ್ಸ್" ಹಾಕಿ ಲಗಾಮು ಹಾಕಿ. ಸರ್ವರಿನಿಂದ ರೂಟರಿಗೆ ವೈಫೈ ಬೇಡ, ಒಂದು ಲ್ಯಾನ್ ಕೇಬಲ್ ಎಳೆಯಿರಿ. ಎಲ್ಲರ ಆಟವೂ ಆ ಒಂದು ಕೊಂಡಿಯ ಮೇಲೆ ನಿಂತಿರುತ್ತದೆ.

ಸರ್ವರ್ ಎಬ್ಬಿಸುವುದು

ಮೊದಲು ಜಾವಾ ಬೇಕು (ಆಟದ ಜಾವಾ ಆವೃತ್ತಿಯಲ್ಲ, ಸರ್ವರನ್ನು ಓಡಿಸುವ ಅದೇ ಹೆಸರಿನ ಸಾಫ್ಟ್‌ವೇರು). ಅಡಾಪ್ಟಿಯಮ್ ಯೋಜನೆಯವರ ಟೆಮುರಿನ್ ಎಂಬ ಜಾವಾ ಉಚಿತ, ತಕರಾರಿಲ್ಲದ್ದು. ಮೈನ್‌ಕ್ರಾಫ್ಟ್ 1.18ಕ್ಕೆ ಜಾವಾ 17 ಬೇಕಿತ್ತು, 1.20.5ರಿಂದ ಜಾವಾ 21. ಮುಂದಿನವು ಇನ್ನೂ ಹೊಸದನ್ನು ಕೇಳಬಹುದು. ಹೊಂದದಿದ್ದರೆ "ಕ್ಲಾಸ್ ಫೈಲ್ ವರ್ಷನ್ 65" ಎಂಬಂಥ ಒಂದು ದೂರು ಬರುತ್ತದೆ. ಆ ಸಂಖ್ಯೆಯಿಂದ 44 ಕಳೆಯಿರಿ, ಬೇಕಾದ ಜಾವಾ ಯಾವುದೆಂದು ತಿಳಿಯುತ್ತದೆ. 65ರಲ್ಲಿ 44 ಹೋದರೆ 21. ಈ ಲೆಕ್ಕ ಗೊತ್ತಿಲ್ಲದೆ ನಾನು ಒಂದು ಸಂಜೆಯನ್ನೇ ಹಾಳು ಮಾಡಿಕೊಂಡೆ.

ಆಮೇಲೆ ಸರ್ವರ್ ಫೈಲು. ಮೈನ್‌ಕ್ರಾಫ್ಟ್‌ನ ಅಧಿಕೃತ ತಾಣದಲ್ಲೇ ಮೂಲ ಸರ್ವರ್ ಉಚಿತವಾಗಿದೆ. ನನ್ನ ಶಿಫಾರಸು ಅದಲ್ಲ, ಅದನ್ನೇ ಬೇರೆಯವರು ತಿದ್ದಿ ಮಾಡಿದ ಪೇಪರ್ ಎಂಬ ಸರ್ವರ್. ಹಳೇ ಯಂತ್ರದಲ್ಲಿ ಅದು ಹಗುರವಾಗಿ ಓಡುತ್ತದೆ, ಗೀಸರಿನಂಥ ಪ್ಲಗಿನ್ನುಗಳನ್ನೂ ಒಪ್ಪುತ್ತದೆ. ಒಂದೇ ಎಚ್ಚರ: ಆಟದಲ್ಲಿರುವ ಕೆಲವು ದೋಷಗಳನ್ನು ಪೇಪರ್ ಸರಿಮಾಡಿರುವುದರಿಂದ, ಆ ದೋಷಗಳನ್ನೇ ನಂಬಿ ಕಟ್ಟಿದ ರೆಡ್‌ಸ್ಟೋನ್ (ಆಟದೊಳಗಿನ ಕರೆಂಟು) ಯಂತ್ರಗಳು ನಿಂತುಹೋಗಬಹುದು. ಮಕ್ಕಳು ಈ ಬಗ್ಗೆ ನಿಮ್ಮನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

ಒಂದು ಹೊಸ ಫೋಲ್ಡರ್ ಮಾಡಿ, ಡೌನ್‌ಲೋಡ್ ಆದ ಫೈಲಿಗೆ "ಸರ್ವರ್.ಜಾರ್" ಎಂದು ಹೆಸರಿಟ್ಟು ಅದರಲ್ಲಿ ಹಾಕಿ. ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಸಾಲು ಹೊಡೆಯಿರಿ:

ಜಾವಾ -ಎಕ್ಸ್‌ಎಂಎಸ್2ಜಿ -ಎಕ್ಸ್‌ಎಂಎಕ್ಸ್3ಜಿ -ಜಾರ್ ಸರ್ವರ್.ಜಾರ್ ನೋಗುಯಿ

ಇದರಲ್ಲಿ ಅಡ್ಡಗೆರೆಯ ಪಕ್ಕದ ಎಕ್ಸ್ ಎರಡು ಕಡೆಯೂ ದೊಡ್ಡಕ್ಷರ, ಕೊನೆಯ ಜಿ ಕೂಡ; ಎಂ ಆದ ಮೇಲೆ ಬರುವ ಎಕ್ಸ್ ಮಾತ್ರ ಸಣ್ಣಕ್ಷರವೇ. ಎರಡು ಜಿಬಿಯಿಂದ ಶುರುಮಾಡಿ ಮೂರು ಜಿಬಿ ದಾಟಬೇಡ ಎಂದು ಇದರ ಅರ್ಥ. ಇರುವ ರ‍್ಯಾಮನ್ನೆಲ್ಲ ಇದಕ್ಕೇ ಬರೆದುಕೊಡಬೇಡಿ. ಯಂತ್ರಕ್ಕೂ ಉಸಿರಾಡಲು ಜಾಗ ಬೇಕು. ಮೊದಲ ಸಲ ಅದು ಒಂದಷ್ಟು ಫೈಲು ಮಾಡಿ ನಿಂತುಬಿಡುತ್ತದೆ. ಹೆದರಬೇಡಿ, ಷರತ್ತು ಒಪ್ಪಿಲ್ಲ ಎಂದು ಮುನಿಸು ಅಷ್ಟೆ. "ಯುಲಾ" ಎಂಬ ಫೈಲು ತೆರೆದು "ಫಾಲ್ಸ್" ಇರುವಲ್ಲಿ "ಟ್ರೂ" ಮಾಡಿ ಉಳಿಸಿ, ಮತ್ತೆ ಅದೇ ಸಾಲು ಹೊಡೆಯಿರಿ. ಸರ್ವರ್ ಎದ್ದು "ಡನ್" ಎಂದು ಹೇಳುತ್ತದೆ. ನಿಲ್ಲಿಸಲು "ಸ್ಟಾಪ್" ಎಂದು ಬರೆದು ಎಂಟರ್. ಕಿಟಕಿಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚುವ ಅಭ್ಯಾಸ ಬೇಡ.

ಮಕ್ಕಳು ಮೊದಲೇ ಕಟ್ಟಿರುವ ಲೋಕ ಬೇಕಿದ್ದರೆ, ಅವರ ಕಂಪ್ಯೂಟರಿನ ಮೈನ್‌ಕ್ರಾಫ್ಟ್ ಫೋಲ್ಡರಿನಲ್ಲಿರುವ "ಸೇವ್ಸ್" ಒಳಗಿಂದ ಆ ಲೋಕದ ಫೋಲ್ಡರನ್ನು ನಕಲು ಮಾಡಿ ತಂದು, "ವರ್ಲ್ಡ್" ಎಂದು ಹೆಸರು ಬದಲಿಸಿ ಸರ್ವರ್ ಫೋಲ್ಡರಿಗೆ ಹಾಕಿ. ಸರ್ವರ್ ನಿಂತಿರುವಾಗ ಮಾಡಬೇಕಾದ ಕೆಲಸವಿದು. ನಮ್ಮ ಕೆರೆ, ಬಸ್‌ಸ್ಟ್ಯಾಂಡು ಹೀಗೆಯೇ ಸ್ಥಳಾಂತರವಾದವು.

ಇನ್ನು "ಸರ್ವರ್.ಪ್ರಾಪರ್ಟೀಸ್" ಎಂಬ ಫೈಲು. ಹತ್ತಾರು ಸಾಲುಗಳಿವೆ, ಕೈ ಹಾಕಬೇಕಾದವು ನಾಲ್ಕೇ. "ವೈಟ್-ಲಿಸ್ಟ್" ಮತ್ತು "ಎನ್‌ಫೋರ್ಸ್-ವೈಟ್‌ಲಿಸ್ಟ್" ಎರಡನ್ನೂ ಟ್ರೂ ಮಾಡಿ. ಆಗ ನೀವು ಹೆಸರು ಬರೆದವರಿಗೆ ಮಾತ್ರ ಪ್ರವೇಶ. "ವ್ಯೂ-ಡಿಸ್ಟೆನ್ಸ್" ಮೊದಲಿಗೆ 10 ಇರುತ್ತದೆ, ಹಳೇ ಯಂತ್ರಕ್ಕೆ 7 ಅಥವಾ 8 ಸಾಕು. "ಸಿಮ್ಯುಲೇಷನ್-ಡಿಸ್ಟೆನ್ಸ್" 6 ಇಡಿ. ಮೊದಲನೆಯದು ಎಷ್ಟು ದೂರ ಕಾಣಬೇಕೆಂಬ ಲೆಕ್ಕ, ಎರಡನೆಯದು ಎಷ್ಟು ದೂರದವರೆಗೆ ಬೆಳೆ ಬೆಳೆಯಬೇಕು, ಪ್ರಾಣಿ ಓಡಾಡಬೇಕೆಂಬ ಲೆಕ್ಕ. ಯಂತ್ರವನ್ನು ಹೆಚ್ಚು ದಣಿಸುವುದು ಎರಡನೆಯದೇ.

"ಆನ್‌ಲೈನ್-ಮೋಡ್" ಎಂಬ ಸಾಲನ್ನು ಮಾತ್ರ ಮುಟ್ಟಬೇಡಿ. ಅದನ್ನು ಫಾಲ್ಸ್ ಮಾಡಿದರೆ ದುಡ್ಡು ಕೊಡದ ಖಾತೆಯವರೂ ಬರಬಹುದು ಎಂದು ಹೇಳಿಕೊಡುವ ವೀಡಿಯೊಗಳು ಬೇಕಾದಷ್ಟಿವೆ. ಅವು ಹೇಳದ ಇನ್ನರ್ಧ ಇದು: ಆಗ ಬಂದವರು ತಾವು ಯಾರೆಂದು ಹೇಳುತ್ತಾರೋ ಅವರೇ ಎಂದು ಸರ್ವರ್ ನಂಬುತ್ತದೆ. ನಿಮ್ಮ ಹೆಸರನ್ನೇ ಹಾಕಿಕೊಂಡು ಬಂದವನಿಗೆ ನಿಮ್ಮ ಅಧಿಕಾರವೆಲ್ಲ ಸಿಕ್ಕಂತೆ. ವೈಟ್‌ಲಿಸ್ಟ್ ಇದ್ದೂ ಇಲ್ಲದಂತಾಗುತ್ತದೆ.

ಹೆಸರು ಸೇರಿಸುವುದು ಸರ್ವರಿನ ಕಪ್ಪು ಕಿಟಕಿಯಲ್ಲೇ: "ವೈಟ್‌ಲಿಸ್ಟ್ ಆ್ಯಡ್" ಎಂದು ಬರೆದು ಮುಂದೆ ಆಟಗಾರನ ಹೆಸರು. "ಆಪ್" ಎಂದು ಬರೆದು ಹೆಸರು ಕೊಟ್ಟರೆ ಅವರಿಗೆ ಸರ್ವಾಧಿಕಾರ. ಮನೆಯಲ್ಲಿ ಒಬ್ಬ ದೊಡ್ಡವರಿಗೆ ಮಾತ್ರ ಅದಿರಲಿ. ನಾನು ಹುಬ್ಬಳ್ಳಿಯ ಹುಡುಗನಿಗೆ "ಎರಡೇ ನಿಮಿಷ" ಎಂದು ಕೊಟ್ಟಿದ್ದೆ. ಆ ಎರಡು ನಿಮಿಷದಲ್ಲಿ ಕೆರೆಯಲ್ಲಿ ನೀರಿನ ಬದಲು ಲಾವಾ ಹರಿಯುತ್ತಿತ್ತು.

ದಾರಿ ಹುಡುಕುವುದು

ಈಗ ಅಸಲು ವಿಷಯ. ಪರೀಕ್ಷೆಯನ್ನು ಒಳಗಿನಿಂದ ಹೊರಗೆ, ಹೆಜ್ಜೆಹೆಜ್ಜೆಯಾಗಿ ಮಾಡಿ. ಒಮ್ಮೆಲೇ ಬೆಂಗಳೂರಿನವರನ್ನು ಕರೆದು "ಬಂತಾ, ಬಂತಾ" ಎಂದು ಕೇಳುತ್ತ ಕೂತರೆ ತಪ್ಪು ಎಲ್ಲಿದೆ ಎಂದು ಯಾವತ್ತೂ ಗೊತ್ತಾಗದು.

ಮೊದಲ ಹೆಜ್ಜೆ, ಸರ್ವರ್ ಇರುವ ಯಂತ್ರದಲ್ಲೇ ಆಟ ತೆರೆದು "ಲೋಕಲ್‌ಹೋಸ್ಟ್" ಎಂಬ ವಿಳಾಸಕ್ಕೆ ಸೇರಿ ನೋಡಿ. ಆಟದ ಆವೃತ್ತಿಯೂ ಸರ್ವರಿನ ಆವೃತ್ತಿಯೂ ಒಂದೇ ಇರಬೇಕು. ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ.

ಎರಡನೆಯದು, ಮನೆಯ ಇನ್ನೊಂದು ಕಂಪ್ಯೂಟರಿನಿಂದ. ಇದಕ್ಕೆ ಸರ್ವರಿನ ಒಳವಿಳಾಸ ಬೇಕು, ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ರೂಟರಿನ ಪುಟಕ್ಕೆ ಹೋಗಿ (ಹೆಚ್ಚಿನ ಮನೆಗಳಲ್ಲಿ 192.168.1.1 ಅಥವಾ 192.168.0.1) ಆ ಯಂತ್ರಕ್ಕೆ ಯಾವಾಗಲೂ ಒಂದೇ ವಿಳಾಸ ಸಿಗುವಂತೆ "ಅಡ್ರೆಸ್ ರಿಸರ್ವೇಶನ್" ಮಾಡಿಬಿಡಿ, ಉದಾಹರಣೆಗೆ 192.168.1.50. ಇಲ್ಲಿ ಸೇರಲಾಗದಿದ್ದರೆ ತೊಂದರೆ ಬಹುತೇಕ ವಿಂಡೋಸ್ ಫೈರ್‌ವಾಲ್‌ನದು. ಜಾವಾಗೆ "ಪ್ರೈವೇಟ್" ನೆಟ್‌ವರ್ಕಿನಲ್ಲಿ ಅನುಮತಿ ಕೊಟ್ಟು, ಮನೆಯ ನೆಟ್‌ವರ್ಕ್ ಮಾತ್ರ "ಪಬ್ಲಿಕ್" ಎಂದು ನಮೂದಾಗಿದ್ದರೆ ಆ ಅನುಮತಿ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಡೆ ಪ್ರೈವೇಟ್ ಇದೆಯೇ ನೋಡಿ.

ಮೂರನೆಯದು ಹೊರಗಿನಿಂದ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಬೆಂಗಳೂರು, ಮೈಸೂರಿನ ಹಳೇ ವಠಾರಗಳನ್ನು ನೋಡಿದವರಿಗೆ ಇದು ಸುಲಭ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು; ಒಳಗೆ ಎಂಟು ಮನೆ. ವಠಾರದವರು ಹೊರಗೆ ಹೋಗಿ ಬರಲು ತೊಂದರೆಯಿಲ್ಲ. ಹೊರಗಿನ ಪೋಸ್ಟ್‌ಮ್ಯಾನ್ ಬಂದರೆ ಮಾತ್ರ ಯಾವ ಮನೆ ಎಂದು ಯಾರಾದರೂ ಹೇಳಬೇಕು. ನಿಮ್ಮ ರೂಟರು ಆ ಬೀದಿಬಾಗಿಲು. ಅದರಲ್ಲಿ "ಪೋರ್ಟ್ ಫಾರ್ವರ್ಡಿಂಗ್" ಎಂದರೆ "25565 ಕೇಳಿಕೊಂಡು ಬಂದವರನ್ನು 192.168.1.50ನೇ ಮನೆಗೆ ಕಳಿಸು" ಎಂದು ಬಾಗಿಲಲ್ಲಿ ಬರೆದಿಡುವುದು. ಈ ಸಂಖ್ಯೆಗೆ ಪೋರ್ಟ್ ಎಂದು ಹೆಸರು. ಜಾವಾ ಸರ್ವರಿಗೆ ಪೋರ್ಟ್ 25565, ಸಂಪರ್ಕದ ಬಗೆ ಟಿಸಿಪಿ. ಗೀಸರ್ ಹಾಕಿದ್ದರೆ 19132, ಯುಡಿಪಿ. ಕೆಲವು ರೂಟರುಗಳಲ್ಲಿ ಇದಕ್ಕೆ "ವರ್ಚುಯಲ್ ಸರ್ವರ್" ಎಂದು ಹೆಸರು. ಪಕ್ಕದಲ್ಲೇ "ಡಿಎಂಜೆಡ್" ಎಂಬ ಸುಲಭದ ಆಸೆ ಕಾಣಿಸುತ್ತದೆ; ಅದು ಆ ಮನೆಯ ಎಲ್ಲ ಬಾಗಿಲು ಕಿಟಕಿಗಳನ್ನೂ ಬೀದಿಗೆ ತೆರೆದಂತೆ. ಮುಟ್ಟಬೇಡಿ.

ಇಷ್ಟು ಮಾಡಿ ನಾನು ಹೊರಗಿನಿಂದ ಪರೀಕ್ಷಿಸಿದೆ. ಏನೂ ಆಗಲಿಲ್ಲ. ಎರಡನೇ ಭಾನುವಾರವೂ ಹೋಯಿತು. ನೆಟ್ಟಿನವರಿಗೆ ಫೋನ್ ಮಾಡಿದರೆ ಲೈನ್‌ಮ್ಯಾನ್ ಹುಡುಗ, "ಸಾರ್, ವೈಫೈ ಬರ್ತಿದೆಯಲ್ಲ ಸಾರ್, ಪೋರ್ಟ್ ಎಲ್ಲ ನಮ್ಮ ಕೈಲಿಲ್ಲ ಸಾರ್" ಎಂದ. ಅವನ ಮಾತು ನಿಜವೇ ಆಗಿತ್ತು.

ಕಾರಣ ಹೀಗೆ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿನಲ್ಲಿ ಹತ್ತಿರಹತ್ತಿರ 430 ಕೋಟಿ ಮಾತ್ರ, ಅವು ಎಂದೋ ಸಾಲದಾಗಿವೆ. ಹಾಗಾಗಿ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಸೇರಿಸಿ ಒಂದೇ ಹೊರವಿಳಾಸ ಕೊಡುತ್ತವೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ನಿಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗೆ ಇದ್ದಂತೆ. ನಿಮ್ಮ ಬಾಗಿಲಲ್ಲಿ ಏನು ಬರೆದರೂ ಪೋಸ್ಟ್‌ಮ್ಯಾನ್ ಅಲ್ಲಿಯತನಕ ಬರುವುದೇ ಇಲ್ಲ. ದೊಡ್ಡ ಬಾಗಿಲಿನ ಕೀಲಿ ಕಂಪನಿಯ ಹತ್ತಿರ.

ನೀವು ಸಿಜಿನ್ಯಾಟ್‌ನ ಒಳಗಿದ್ದೀರಾ ಎಂದು ತಿಳಿಯಲು ಎರಡು ನಿಮಿಷ ಸಾಕು. ಪೋರ್ಟ್ ಫಾರ್ವರ್ಡಿಂಗ್ ಮಾಡುವ ಮೊದಲೇ ಇದನ್ನು ನೋಡಿಬಿಡಿ; ನನ್ನಂತೆ ಆಮೇಲೆ ನೋಡಬೇಡಿ. ರೂಟರಿನ ಪುಟದಲ್ಲಿ "ವ್ಯಾನ್ ಐಪಿ" ಎಂದಿರುವುದನ್ನು ಬರೆದುಕೊಳ್ಳಿ. ಬ್ರೌಸರಿನಲ್ಲಿ "ನನ್ನ ಐಪಿ ಯಾವುದು" ಎಂದು ಇಂಗ್ಲಿಷಿನಲ್ಲಿ ಹುಡುಕಿ ಬಂದದ್ದನ್ನು ಹೋಲಿಸಿ. ಎರಡೂ ಒಂದೇ ಆದರೆ ನೀವು ಪುಣ್ಯವಂತರು. ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಅದು ಖಚಿತವಾಗಿ ಸಿಜಿನ್ಯಾಟ್. ಆ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. 10 ಎಂದು ಶುರುವಾದರೂ ಬಹುಪಾಲು ಅದೇ ಕಥೆ. 192.168 ಎಂದಿದ್ದರೆ ನಿಮ್ಮ ಮನೆಯಲ್ಲೇ ಎರಡು ರೂಟರಿವೆ ಎಂದು ಅರ್ಥ: ಫೈಬರಿನವರು ಗೋಡೆಗೆ ಹಾಕಿದ ಪೆಟ್ಟಿಗೆ ಒಂದು, ನೀವು ಕೊಂಡದ್ದು ಇನ್ನೊಂದು. ಗೋಡೆಯ ಪೆಟ್ಟಿಗೆಯನ್ನು "ಬ್ರಿಜ್ ಮೋಡ್"ಗೆ ಹಾಕಿಸಿ, ಮತ್ತೆ ನೋಡಿ.

ಸಿಜಿನ್ಯಾಟ್‌ನಿಂದ ಹೊರಬರಲು ದಾರಿಗಳಿವೆ. ನೆಟ್ಟಿನವರನ್ನು ಕೇಳಿ ಸ್ಟ್ಯಾಟಿಕ್ ಐಪಿ (ನಿಮ್ಮ ಮನೆಗೇ ಸೇರಿದ, ಬದಲಾಗದ ಹೊರವಿಳಾಸ) ತೆಗೆದುಕೊಳ್ಳುವುದು ನೇರ ದಾರಿ. ಕೇಳುವಾಗ "ಪೋರ್ಟ್ ತೆಗೆಸಿಕೊಡಿ" ಎಂದು ಕೇಳಬೇಡಿ, "ಸಿಸಿಟಿವಿ ಹೊರಗಿನಿಂದ ನೋಡಬೇಕು, ಪಬ್ಲಿಕ್ ಸ್ಟ್ಯಾಟಿಕ್ ಐಪಿ ಬೇಕು" ಎಂಬ ಧಾಟಿಯಲ್ಲಿ ಕೇಳಿದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕ ಇರುವುದು ಸಾಮಾನ್ಯ. ಚಿಕ್ಕ ಊರುಗಳಲ್ಲಿ ಸಿಗದೆಯೂ ಹೋಗಬಹುದು.

ನಾನು ಹಿಡಿದದ್ದು ಟೇಲ್‌ಸ್ಕೇಲ್ ದಾರಿ, ಆಡುವವರು ಬೆರಳೆಣಿಕೆಯಷ್ಟೇ ಇದ್ದರೆ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಇದು ವೈರ್‌ಗಾರ್ಡ್ ಎಂಬ ತಂತ್ರದ ಮೇಲೆ ನಿಂತ ಖಾಸಗಿ ಜಾಲ. ಸರ್ವರಿನಲ್ಲೂ ಮಕ್ಕಳ ಕಂಪ್ಯೂಟರಿನಲ್ಲೂ ಇದನ್ನು ಹಾಕಿ ಲಾಗಿನ್ ಆದರೆ, ಎಲ್ಲ ಯಂತ್ರಗಳೂ ಒಂದೇ ಮನೆಯ ವೈಫೈನಲ್ಲಿರುವಂತೆ ಮಾತಾಡಿಕೊಳ್ಳುತ್ತವೆ. ಎರಡೂ ಕಡೆಯವರು ಒಳಗಿನಿಂದ ಹೊರಗೆ ಕೈಚಾಚುವುದರಿಂದ ಪೋರ್ಟ್ ಫಾರ್ವರ್ಡಿಂಗಿನ ಹಂಗಿಲ್ಲ. ಮನೆಮಟ್ಟಿನ ಬಳಕೆಗೆ ಉಚಿತ. ಪ್ರತಿ ಯಂತ್ರಕ್ಕೂ 100 ಎಂದು ಶುರುವಾಗುವ ಒಂದು ವಿಳಾಸ ಸಿಗುತ್ತದೆ. ಮಕ್ಕಳು ಆಟದಲ್ಲಿ ಸರ್ವರಿನ ಆ ವಿಳಾಸ ಹಾಕಿದರೆ ಆಯಿತು. ನಿಮ್ಮ ಜಾಲಕ್ಕೆಲ್ಲ ಅವರನ್ನು ಸೇರಿಸಿಕೊಳ್ಳುವ ಬದಲು ಸರ್ವರ್ ಯಂತ್ರವೊಂದನ್ನೇ "ಶೇರ್" ಮಾಡುವ ಅನುಕೂಲವೂ ಇದೆ. ಆಗ ನಿಮ್ಮ ಬೇರೆ ಯಂತ್ರಗಳು ಅವರಿಗೆ ಕಾಣುವುದಿಲ್ಲ. ಜೀರೋಟಿಯರ್ ಎಂಬುದೂ ಇದೇ ಜಾತಿಯದು. ಇದರಲ್ಲಿ ಇನ್ನೂ ಒಂದು ಲಾಭ: ನಿಮ್ಮ ಸರ್ವರ್ ಹೊರಜಗತ್ತಿಗೆ ಕಾಣುವುದೇ ಇಲ್ಲ.

ಬೇರೆಯವರ ಯಂತ್ರಕ್ಕೆ ಏನನ್ನೂ ಹಾಕಿಸುವುದು ಸಾಧ್ಯವಿಲ್ಲ, ಎಕ್ಸ್‌ಬಾಕ್ಸಿನವರೂ ಬರಬೇಕು ಎಂದಾದರೆ ಪ್ಲೇಇಟ್‌ನಂಥ ಸುರಂಗ ಸೇವೆಗಳಿವೆ. ಅವರ ವಿಳಾಸಕ್ಕೆ ಬಂದವರನ್ನು ಅವರು ನಿಮ್ಮ ಮನೆಗೆ ದಾಟಿಸುತ್ತಾರೆ. ಮಾತು ಮೂರನೆಯವರ ಮನೆ ಸುತ್ತಿ ಬರುವುದರಿಂದ ಸ್ವಲ್ಪ ತಡ. ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ ಇದ್ದರೆ ಈ ವಠಾರಗಳ ಸಹವಾಸವೇ ಇಲ್ಲ, ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ. ಆದರೆ ಎರಡೂ ಕಡೆ ಇರಬೇಕು, ರೂಟರಿನ ಫೈರ್‌ವಾಲ್‌ನಲ್ಲಿ ಬಾಗಿಲು ತೆಗೆಯಲು ಬರಬೇಕು. ಅಷ್ಟು ತಿಳಿದವರಿಗೆ ಈ ಲೇಖನ ಬೇಕಿಲ್ಲ.

ಪಬ್ಲಿಕ್ ಐಪಿ ಇದ್ದೂ ಅದು ಆಗಾಗ ಬದಲಾಗುತ್ತಿದ್ದರೆ ಡಕ್‌ಡಿಎನ್‌ಎಸ್‌ನಂಥ ಉಚಿತ ಸೇವೆಯಲ್ಲಿ ಒಂದು ಹೆಸರು ತೆಗೆದುಕೊಳ್ಳಿ; ವಿಳಾಸ ಬದಲಾದರೂ ಹೆಸರು ಬದಲಾಗದು. ಹೊರಗಿನ ಪರೀಕ್ಷೆಯನ್ನು ಯಾವಾಗಲೂ ಮೊಬೈಲ್ ಡೇಟಾದಿಂದ, ಅಂದರೆ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ ಮಾಡಿ. ಮನೆಯೊಳಗೆ ಕೂತು ಮನೆಯದೇ ಹೊರವಿಳಾಸ ಹೊಡೆದರೆ ಎಷ್ಟೋ ರೂಟರುಗಳಿಗೆ ಅದು ಅರ್ಥವಾಗುವುದಿಲ್ಲ. ಎಲ್ಲ ಸರಿಯಿದ್ದೂ ಕೆಟ್ಟಿದೆ ಎಂದು ಕಾಣುತ್ತದೆ.

ಎಲ್ಲ ಸರಿಯಿದ್ದೂ ಒಂದು ಮಗುವಿಗೆ ಮಾತ್ರ ಸೇರಲಾಗುತ್ತಿಲ್ಲವೇ? ಅದರ ಮೈಕ್ರೋಸಾಫ್ಟ್ ಖಾತೆ ಮಕ್ಕಳ ಖಾತೆಯಾಗಿರಬಹುದು. ಅಪ್ಪ ಅಮ್ಮ ತಮ್ಮ ಖಾತೆಯಿಂದ ಮಲ್ಟಿಪ್ಲೇಯರ್ ಅನುಮತಿ ಕೊಟ್ಟರಷ್ಟೇ ಆಟ ಬಿಡುತ್ತದೆ. ಬೆಂಗಳೂರಿನ ಅತ್ತಿಗೆಯ ಫೋನಿನಲ್ಲಿ ಆ ಸೆಟ್ಟಿಂಗ್ ಹುಡುಕಿಸಲು ವಾಟ್ಸಾಪ್ ವೀಡಿಯೊ ಕಾಲ್‌ನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು.

ಬಾಗಿಲು ತೆರೆದ ಮೇಲೆ

ಪೋರ್ಟ್ ತೆರೆದ ಸರ್ವರನ್ನು ಯಾರೂ ಹುಡುಕಲಾರರು ಎಂದುಕೊಳ್ಳಬೇಡಿ. 25565 ತೆರೆದಿರುವ ವಿಳಾಸಗಳನ್ನು ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಸದಾ ತಡಕಾಡುತ್ತಿರುತ್ತವೆ. ವೈಟ್‌ಲಿಸ್ಟ್ ಇದ್ದರೆ ಬಂದವರು ಬಾಗಿಲಲ್ಲೇ ವಾಪಸ್. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಶೆಲ್ ಎಂಬ ದೋಷ ಬಯಲಾದಾಗ ಮೊದಲು ಪೆಟ್ಟು ತಿಂದವುಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರುಗಳೂ ಇದ್ದವು. ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಸರ್ವರ್ ಯಂತ್ರವೇ ಬರೆದವನ ಕೈವಶ. 1.18.1ರಲ್ಲಿ ಅದನ್ನು ಸರಿಪಡಿಸಿದರು. ಹಳೇ ಆವೃತ್ತಿಯನ್ನೇ ಹಿಡಿದು ಕೂತವರ ಬಾಗಿಲು ತೆರೆದೇ ಇತ್ತು. ಹಾಗಾಗಿ ಸರ್ವರನ್ನು ಅಪ್‌ಡೇಟ್ ಮಾಡುತ್ತಿರಿ, ಪ್ಲಗಿನ್ನುಗಳನ್ನು ಹೆಸರಾಂತ ತಾಣಗಳಿಂದ ಮಾತ್ರ ಇಳಿಸಿ, ಸರ್ವರನ್ನು ಅಡ್ಮಿನ್ ಅಲ್ಲದ ಸಾದಾ ಖಾತೆಯಲ್ಲಿ ಓಡಿಸಿ. ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರನ್ನೇ ಸರ್ವರ್ ಮಾಡಬೇಡಿ.

"ಲ್ಯಾಗ್ ಆಗ್ತಿದೆ" ಎಂಬ ದೂರು ಬಂದೇ ಬರುತ್ತದೆ. ಅದರಲ್ಲಿ ಎರಡು ಜಾತಿ. ಸರ್ವರ್ ಸೆಕೆಂಡಿಗೆ 20 ಸಲ ಲೋಕದ ಲೆಕ್ಕ ಹಾಕುತ್ತದೆ, ಒಂದೊಂದಕ್ಕೆ 50 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಎಲ್ಲರಿಗೂ ಒಟ್ಟಿಗೇ ನಿಧಾನ: ಒಡೆದ ಕಲ್ಲು ಮತ್ತೆ ಬರುತ್ತದೆ, ಹಸು ನಿಂತಲ್ಲೇ ಜಾರುತ್ತದೆ. ಕಪ್ಪು ಕಿಟಕಿಯಲ್ಲಿ "ಕ್ಯಾಂಟ್ ಕೀಪ್ ಅಪ್" ಎಂದು ಅದೇ ಗೋಳಾಡುತ್ತದೆ. ಸಿಮ್ಯುಲೇಷನ್ ದೂರ ಇಳಿಸಿ. ಒಂದೇ ಕೊಟ್ಟಿಗೆಯಲ್ಲಿ ಇನ್ನೂರು ಕೋಳಿ ತುಂಬಿರುವ ಮಗುವನ್ನು ಪತ್ತೆಹಚ್ಚಿ.

ಒಬ್ಬರಿಗೆ ಮಾತ್ರ ನಿಧಾನವಾದರೆ ಅದು ದಾರಿಯ ತೊಂದರೆ. ಡಲ್ಲಾಸ್‌ನಲ್ಲಿರುವ ನಮ್ಮ ಭಾವನ ಮಗಳೂ ಸೇರಿಕೊಂಡಾಗ ಇದು ಗೊತ್ತಾಯಿತು. ಫೈಬರಿನಲ್ಲಿ ಬೆಳಕು ಸಾವಿರ ಕಿಲೋಮೀಟರ್ ಹೋಗಲು 5 ಮಿಲಿಸೆಕೆಂಡ್ ಬೇಕು. ಅಲ್ಲಿಗೂ ಇಲ್ಲಿಗೂ 14,000 ಕಿಲೋಮೀಟರಿಗಿಂತ ಹೆಚ್ಚು. ತಂತಿ ನೆಟ್ಟಗೆ ಎಳೆದಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್, ನಿಜದಲ್ಲಿ 200 ದಾಟುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಮನೆ ಕಟ್ಟಲು, ಬೇಸಾಯಕ್ಕೆ ಅಷ್ಟು ಸಾಕು. ಕತ್ತಿವರಸೆಗೆ ಇಳಿದರೆ ಅವಳು ಸೋಲುವುದು ಖಚಿತ. ಅವಳನ್ನು ತೋಟದ ಉಸ್ತುವಾರಿಗೆ ನೇಮಿಸಿದ್ದೇವೆ.

ಕರೆಂಟು ಮತ್ತು ಬ್ಯಾಕಪ್

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ರೂಟರಿಗೂ ಫೈಬರ್ ಪೆಟ್ಟಿಗೆಗೂ ಆಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ನಿಮ್ಮ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಮನೆಗೆ ಇನ್ವರ್ಟರ್ ಇದ್ದರೆ ಇದೂ ಬೇಡ.

ಸರ್ವರ್ ಲೋಕವನ್ನು ಬರೆಯುತ್ತಿರುವಾಗಲೇ ಯಂತ್ರ ಸತ್ತರೆ ಆ ಪ್ರದೇಶದ ಫೈಲು ಕೆಡಬಹುದು. ಒಂದೊಂದು ಫೈಲಿನಲ್ಲಿ 512 ಅಡ್ಡ 512 ಇಟ್ಟಿಗೆಯಷ್ಟು ನೆಲ ಇರುತ್ತದೆ. ಹೋದರೆ ಒಂದು ಗೋಡೆಯಲ್ಲ, ಇಡೀ ಕೇರಿಯೇ ಹೋಗಬಹುದು. ಆದ್ದರಿಂದ ಬ್ಯಾಕಪ್. ಸರ್ವರನ್ನು "ಸ್ಟಾಪ್" ಮಾಡಿ ವರ್ಲ್ಡ್ ಎಂದು ಶುರುವಾಗುವ ಫೋಲ್ಡರುಗಳನ್ನೆಲ್ಲ ನಕಲು ಮಾಡಿ, ತಾರೀಖಿನ ಹೆಸರಿಟ್ಟು ಬೇರೆ ಡಿಸ್ಕಿಗೆ ಹಾಕಿ, ಮತ್ತೆ ಎಬ್ಬಿಸಿ. ಪೇಪರಿನಲ್ಲಿ ನೆದರ್, ಎಂಡ್ ಎಂಬ ಲೋಕಗಳಿಗೆ ಬೇರೆ ಫೋಲ್ಡರ್ ಇರುವುದುಂಟು, ಮರೆಯಬೇಡಿ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ "ಸೇವ್-ಆಫ್", ಆಮೇಲೆ "ಸೇವ್-ಆಲ್" ಕೊಟ್ಟು ನಕಲು ಮಾಡಿ, ಕೊನೆಗೆ "ಸೇವ್-ಆನ್" ಕೊಡಿ. ಈ ಕೊನೆಯದನ್ನು ಮರೆತರೆ ಆಮೇಲೆ ಮಕ್ಕಳು ಕಟ್ಟಿದ್ದೆಲ್ಲ ಗಾಳಿಗೋಪುರ.

ಆಟದ ಹೊಸ ಆವೃತ್ತಿಗೆ ಹೋಗುವ ಮುನ್ನ ಬ್ಯಾಕಪ್ ಕಡ್ಡಾಯ. ಹೊಸದರಲ್ಲಿ ಒಮ್ಮೆ ತೆರೆದ ಲೋಕವನ್ನು ಹಳೆಯದಕ್ಕೆ ಹಿಂದಿರುಗಿಸಲು ಬರುವುದಿಲ್ಲ. ಹೊಸ ಆವೃತ್ತಿ ಬಂದ ದಿನವೇ ಮಕ್ಕಳು "ಅಪ್‌ಡೇಟ್ ಮಾಡಿ ಚಿಕ್ಕಪ್ಪಾ" ಎಂದು ಕಾಡುತ್ತಾರೆ. ಪೇಪರ್, ಗೀಸರ್ ಎರಡೂ ಆ ಆವೃತ್ತಿಗೆ ಸಿದ್ಧವಾಗುವವರೆಗೆ ಹೂಂ ಎನ್ನುತ್ತ ದಿನ ತಳ್ಳಿ.

ಬ್ಯಾಕಪ್ ತೆಗೆದಿಟ್ಟರೆ ಸಾಲದು, ಅದು ತೆರೆಯುತ್ತದೆಯೇ ಎಂದೂ ನೋಡಬೇಕು. ತಿಂಗಳಿಗೊಮ್ಮೆ ನಾನು ಹಿಂದಿನ ವಾರದ ಫೋಲ್ಡರನ್ನು ಮಗಳ ಲ್ಯಾಪ್‌ಟಾಪಿನ "ಸೇವ್ಸ್"ಗೆ ಹಾಕಿ, ಒಬ್ಬನೇ ಆಡುವ ಬಗೆಯಲ್ಲಿ ತೆರೆಯುತ್ತೇನೆ. ಕೆರೆ ಏರಿಯ ಮೇಲೆ ನಡೆದು ಬಸ್‌ಸ್ಟ್ಯಾಂಡಿನ ಬೆಂಚು ಇದೆಯೇ ನೋಡುತ್ತೇನೆ, ಅಷ್ಟೇ ಪರೀಕ್ಷೆ. ಹೋದ ತಿಂಗಳು ಹೋದಾಗ ಅಲ್ಲೊಂದು ಹೊಸ ಬೋರ್ಡು ನೇತಾಡುತ್ತಿತ್ತು: "ಸಾಗರದಿಂದ ಡಲ್ಲಾಸ್, ವಯಾ ಹುಬ್ಬಳ್ಳಿ."